ಬಿಳಿ ಗೆರೆಯ ಕಾಳು

ಮಂಗಫ್, ಕುವೈತ್
3 ಡಿಸೆಂಬರ್ 2024, ಮಂಗಳವಾರ

ಪ್ರೀತಿಯ ಅತ್ತೆ,

ಇದು ನಿಮ್ಮ ಹೊಸ ಸೊಸೆಯ ಮೊದಲ ಕಾಗದ. ನಿಜ ಹೇಳಬೇಕೆಂದರೆ ನನ್ನ ಜನ್ಮದಲ್ಲೇ ಕನ್ನಡದಲ್ಲಿ ಬರೆಯುತ್ತಿರುವ ಎರಡನೆಯ ಕಾಗದ! ಮೈಸೂರಿನ ಕಾನ್ವೆಂಟಿನಲ್ಲಿ ಬರೆಸಿದ ಮೊದಲನೆಯದು 'ಮೂರು ದಿನಗಳ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ'. ಅದನ್ನೂ ಬೋರ್ಡ್ ನೋಡಿಕೊಂಡು ಬರೆದಿದ್ದೆ.

ಮೊನ್ನೆ ಫೋನಿನಲ್ಲಿ ನೀವು, "ನಿನ್ ಮಾತು ಎಕ್ಸ್‌ಪ್ರೆಸ್ ರೈಲು ಕಣಮ್ಮ, ನಮ್ ಸ್ಟೇಷನ್ನಲ್ಲಿ ನಿಲ್ಲೋದೇ ಇಲ್ಲ. ಬರ್ದು ಕಳ್ಸು, ಮಧ್ಯಾಹ್ನ ಮೆಸ್ ಬಾಗ್ಲು ಹಾಕ್ಕೊಂಡು ನಿಧಾನಕ್ಕೆ ಓದ್ಕೋತೀನಿ" ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಾಳೆಗಳ ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತೇನೆ. ನೀವೂ ಹಾಗೇ ಕಳಿಸಿ.

ಅತ್ತೆ, ಇಲ್ಲಿ ಎಲ್ಲವೂ ಎಷ್ಟು ಚೆನ್ನಾಗಿದೆ! ನಮ್ಮ ಬಾಲ್ಕನಿಯಿಂದ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ಅಗಲದ ಸಮುದ್ರ ಕಾಣುತ್ತದೆ. ಬೆಳಿಗ್ಗೆ ಐದೂವರೆಗೆ ರಿಫೈನರಿಯ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ದೀಪು ಮೂರನೇ ಬಸ್ಸು. (ಸರಿ, ಸರಿ, 'ಇವರು' ಮೂರನೇ ಬಸ್ಸು.) ಬಸ್ಸು ತಿರುಗುವವರೆಗೆ ನಾನು ಕೈ ಬೀಸುತ್ತೇನೆ, ಇಡೀ ಬಸ್ಸು ನಗುತ್ತದಂತೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಎದುರು ಮನೆಯಲ್ಲಿ ವೈರಿಮು ಇದ್ದಾಳೆ. ಕೀನ್ಯಾದವಳು, ಅಲ್ಲಿನ ಕಿಕುಯು ಜನ. ಇಲ್ಲಿನ ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಕೂಸುಗಳ ವಾರ್ಡಿನ ನರ್ಸು. ಗಂಡ ಕಮಾವು, ಅರ್ದಿಯಾ ಎಂಬಲ್ಲಿನ ಗೋದಾಮಿನಲ್ಲಿ ಸೂಪರ್‌ವೈಸರ್. ನಾನು ಬಂದ ದಿನ ಬಾಗಿಲು ತಟ್ಟಿ, "ಹೊಸ ಮದುಮಗಳು ನೀನೇನಾ? ಒಳಗೆ ಬರಲಾ, ಇಲ್ಲ ಇನ್ನೂ ನಾಚಿಕೆ ಇದೆಯಾ?" ಎಂದು ಕೇಳಿದವಳು ಅವಳೇ. ಕಳೆದ ವಾರ ಅವಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಮಗು, ಒಂದೂವರೆ ಕಿಲೋ. ಹೆಸರು ನ್ಯಂಬುರಾ. ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ, ಅಮ್ಮ ಮನೆಯಲ್ಲಿ. ದಿನಕ್ಕೆ ಎರಡು ಸಲ ಹೋಗಿ ಹಾಲು ಹಿಂಡಿ ಕೊಟ್ಟು ಬರಬೇಕು. ಆದರೆ ಅವಳು ಊಟವನ್ನೇ ಮಾಡುತ್ತಿಲ್ಲ ಅತ್ತೆ. ಕಪ್ಪು ಟೀ, ಎರಡು ಬಿಸ್ಕತ್ತು, ಅಷ್ಟೇ. ತಟ್ಟೆ ಎದುರಿಗಿಟ್ಟರೆ ಪಕ್ಕಕ್ಕೆ ಸರಿಸುತ್ತಾಳೆ. ದಿನದಿನಕ್ಕೆ ಹಾಲು ಇಳಿಯುತ್ತಿದೆ. ಬೇರೆ ಬಾಣಂತಿಯರಿಗೆ ದಿನವಿಡೀ ಬುದ್ಧಿ ಹೇಳುವವಳು ತಾನೇ ನುಂಗಲಾರಳು. ಅವಳ ಅಮ್ಮ ಬರಬೇಕಿತ್ತು, ವೀಸಾ ಆಗಲಿಲ್ಲ.

ನಿನ್ನೆ ಕೇಳಿದೆ, ಏನು ಕೊಟ್ಟರೆ ತಿನ್ನುತ್ತೀ ಅಂತ. "ಮುಕಿಮೊ" ಅಂದಳು. ಆಲೂಗಡ್ಡೆ, ಜೋಳದ ಕಾಳು, ಬಟಾಣಿ, ಸಿಹಿಗುಂಬಳದ ಸೊಪ್ಪು, ಎಲ್ಲ ಒಟ್ಟಿಗೆ ಬೇಯಿಸಿ ಮರದ ಕೋಲಿನಲ್ಲಿ ಅರೆದು ಮುದ್ದೆ ಮಾಡುವುದು. ಅವಳಿಗೆ ಎದ್ದು ನಿಲ್ಲುವ ತ್ರಾಣವಿಲ್ಲ, ಕಮಾವುಗೆ ಮೊಟ್ಟೆ ಬಿಟ್ಟು ಬೇರೇನೂ ಬರುವುದಿಲ್ಲ. ನಾನು ಎದೆ ತಟ್ಟಿಕೊಂಡು, "ನಮ್ಮ ಅತ್ತೆ ದಿನಕ್ಕೆ ಮುನ್ನೂರು ಮುದ್ದೆ ತಿರುವುತ್ತಾರೆ, ನಾನು ಅವರ ಸೊಸೆ, ನಾನು ಮಾಡುತ್ತೇನೆ!" ಅಂದುಬಿಟ್ಟೆ.

ಅತ್ತೆ, ಹೇಗೆ ಮಾಡುವುದು?

ನಿಮ್ಮ
ಶ್ರಾವಣಿ


ಮಂಡ್ಯ
5 ಡಿಸೆಂಬರ್ 2024

ಶ್ರಾವಣಿಗೆ ಆಶೀರ್ವಾದ.

ಕಾಗದ ಓದಿದೆ. ಅಕ್ಷರ ದುಂಡಗಿದೆ.

ಮದುವೆಯಾಗಿ ಆರು ವಾರ. ಈಗಲೇ ಬಾಣಂತಿ ಅಡುಗೆ ಕೇಳಿದ್ದೀಯ. ಎದುರು ಮನೆಯವಳಿಗೆ ಎಂದು ಬರೆದಿದ್ದೀಯ. ನಾನೂ ಒಂದು ಸಲ ಎದುರು ಮನೆಯವಳಿಗೆ ಎಂದೇ ಮಾವಿನಕಾಯಿ ಕೇಳಿದ್ದೆ, ದೀಪು ಹೊಟ್ಟೆಯಲ್ಲಿದ್ದ. ಏನಿದ್ದರೂ ನೇರವಾಗಿ ಬರೆ. ನಾನು ಬೈಯುವವಳಲ್ಲ.

ಕುಂಬಳದ ಸೊಪ್ಪು ಎಳೆಯದನ್ನು ಆರಿಸು. ತೊಟ್ಟಿನ ತುದಿ ಮುರಿದು ಕೆಳಗೆ ಎಳೆದರೆ ನಾರು ದಾರದ ಹಾಗೆ ಬರುತ್ತದೆ. ಎಲೆಯ ಮೇಲೆ ಮುಳ್ಳಿನಂಥ ಸಣ್ಣ ಕೂದಲು ಇರುತ್ತದೆ, ಉಪ್ಪು ಹಾಕಿ ಕಿವುಚಿ ತೊಳೆ. ಸೊಪ್ಪನ್ನು ಕೊನೆಗೆ ಹಾಕು, ಇಲ್ಲದಿದ್ದರೆ ಬಣ್ಣ ಹೋಗುತ್ತದೆ. ನೀರು ಬಸಿದು ಬೇರೆ ಇಡು, ಚೆಲ್ಲಬೇಡ.

ಅರೆಯುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿ ನೆಲಕ್ಕಿಡು. ಅದರ ಕೆಳಗೆ ಒದ್ದೆ ಬಟ್ಟೆ ಹಾಕು. ನೀನೂ ನೆಲಕ್ಕೆ ಕೂತುಕೋ. ನಿಂತುಕೊಂಡು ಮುದ್ದೆ ಆಗುವುದಿಲ್ಲ. ಕೋಲಿನಲ್ಲಿ ಕುಟ್ಟಬೇಡ. ತಳದಿಂದ ಮಗುಚಿ ಪಾತ್ರೆಯ ಗೋಡೆಗೆ ಒತ್ತು. ತೋಳಲ್ಲಲ್ಲ, ಬೆನ್ನಲ್ಲಿ ಬಲ ಹಾಕು.

ನಮ್ಮಲ್ಲಿ ಬಾಣಂತಿಗೆ ಆಲೂಗಡ್ಡೆ ಕೊಡುವುದಿಲ್ಲ, ವಾಯು. ಅವರ ಪದ್ಧತಿ ಅವರಿಗೆ. ಬೆಳ್ಳುಳ್ಳಿ ಹಾಕು.

ಚಂದ್ರಪ್ರಭಾ


ಮಂಗಫ್
8 ಡಿಸೆಂಬರ್ 2024, ಭಾನುವಾರ

ಪ್ರೀತಿಯ ಅತ್ತೆ,

ಇಲ್ಲ, ಇಲ್ಲ, ಇಲ್ಲ! ನಾನು ಬಸುರಿಯಲ್ಲ! ನಿಮ್ಮ ಕಾಗದ ಓದಿ ದೀಪು ಕುಡಿಯುತ್ತಿದ್ದ ನೀರು ಮೂಗಿಗೇರಿತು. "ಅಮ್ಮ ಇಷ್ಟೊತ್ಗೆ ಮೆಸ್ಸಿಗೆ ಬರೋರ್ಗೆಲ್ಲ ಹೇಳಿರ್ತಾಳೆ, ಫ್ರೀ ಪಾಯಸಾನೂ ಹಾಕಿರ್ತಾಳೆ" ಅಂತ ನಗುತ್ತಾನೆ. ದಯವಿಟ್ಟು ಹಾಕಿಲ್ಲ ಅನ್ನಿ.

ಶುಕ್ರವಾರ ರಜೆ ಇತ್ತಲ್ಲ, ಇಬ್ಬರೂ ಬಸ್ಸು ಹತ್ತಿ ಫರ್ವಾನಿಯಾಕ್ಕೆ ಹೋದೆವು. ಅಲ್ಲಿ ಬಾಂಗ್ಲಾದೇಶದವರ ತರಕಾರಿ ಅಂಗಡಿಯಲ್ಲಿ ಕುಂಬಳದ ಸೊಪ್ಪು ಕಟ್ಟುಗಟ್ಟಲೆ ಇತ್ತು! ಈ ಮರಳುಗಾಡಿನಲ್ಲಿ! ಬೆಳಗಿನ ನೀರು ಇನ್ನೂ ಎಲೆಗಳ ಮೇಲಿತ್ತು. ನಾನು ಅಲ್ಲೇ ನಿಂತು ಒಂದು ತೊಟ್ಟು ಮುರಿದು ಎಳೆದೆ. ನಾರು ಬಂತು ಅತ್ತೆ, ನೀವು ಹೇಳಿದ ಹಾಗೇ, ಉದ್ದಕ್ಕೆ, ದಾರದ ಹಾಗೆ. ಅಂಗಡಿಯವನು, "ಭಾಬಿ, ಮೊದ್ಲು ದುಡ್ಡು ಕೊಡಿ, ಆಮೇಲೆ ಅಡ್ಗೆ ಶುರು ಮಾಡಿ" ಅಂದ.

ಮನೆಯಲ್ಲಿ ಕೋಲಿರಲಿಲ್ಲ, ಲಟ್ಟಣಿಗೆ ಹಿಡಿದೆ. ಪಾತ್ರೆಯನ್ನು ನೆಲಕ್ಕಿಟ್ಟೆ. ಅದು ಜಾರಿ ಜಾರಿ ಫ್ರಿಜ್ಜಿನ ತನಕ ಹೋಯಿತು. ಕೊನೆಗೆ ದೀಪುವನ್ನು ಎದುರಿಗೆ ಕೂರಿಸಿ ಎರಡು ಪಾದದ ನಡುವೆ ಪಾತ್ರೆ ಹಿಡಿಸಿದೆ.

"ಇಂಜಿನಿಯರಿಂಗ್ ಓದಿದ್ದು ಇದಕ್ಕಾ?" ಅಂದ.

"ಮಾತಾಡಬೇಡ, ಗಟ್ಟಿ ಹಿಡಿ."

"ಕಾಲು ಸುಡ್ತದೆ ಕಣೇ!"

"ಎರಡು ಜೊತೆ ಕಾಲುಚೀಲ ಹಾಕಿದ್ದೀಯಲ್ಲ, ಸುಡಲ್ಲ."

ಆಮೇಲೆ ಏನಾಯಿತು ಗೊತ್ತಾ? ಮೊದಲು ಬಿಳಿ ಆಲೂಗಡ್ಡೆ, ಹಳದಿ ಜೋಳ, ಹಸಿರು ಸೊಪ್ಪು ಬೇರೆ ಬೇರೆಯಾಗಿದ್ದವು. ತಳದಿಂದ ಮಗುಚಿ ಒತ್ತಿದೆ. ಏಳೆಂಟು ಸಲ ಏನೂ ಆಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಹಸಿರು ಎಲ್ಲದರೊಳಗೆ ಇಳಿಯಿತು. ಇಡೀ ಪಾತ್ರೆ ಒಂದೇ ಬಣ್ಣ! ಎಳೆಯ ಗದ್ದೆಯ ಬಣ್ಣ! ನಡುನಡುವೆ ಜೋಳದ ಕಾಳು ಮಾತ್ರ ಚಿನ್ನದ ಹಾಗೆ. ನಾವಿಬ್ಬರೂ ಬಗ್ಗಿ ಅದನ್ನೇ ನೋಡಿದೆವು. ನನ್ನ ಈ ಕೈಗಳಿಂದ ಇಂಥದ್ದೊಂದು ಆಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸಲಿಲ್ಲ. ಒಗ್ಗರಣೆ ಇಲ್ಲದ ಊಟ ಊಟವೇ ಅನ್ನಿಸಲಿಲ್ಲ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಸಿಡಿಸಿ ಮೇಲೆ ಸುರಿದೆ. ವೈರಿಮು ಎರಡು ಚಮಚ ತಿಂದಳು. ತುಂಬ ಮರ್ಯಾದೆಯಿಂದ ತಿಂದಳು. ಆಮೇಲೆ ತಟ್ಟೆ ಕೆಳಗಿಟ್ಟು, "ತುಂಬ ಚೆನ್ನಾಗಿದೆ ಶ್ರಾವಣಿ. ನಿನ್ನ ಊರು ಹೇಗಿರಬಹುದು ಅಂತ ಗೊತ್ತಾಯಿತು" ಅಂದಳು. ಕಣ್ಣು ತುಂಬಿತ್ತು. ಅವಳು ಕೇಳಿದ್ದು ನನ್ನ ಊರನ್ನಲ್ಲ. ನನಗೆ ನಾಚಿಕೆಯಾಯಿತು.

ಆ ಮೇಲೆ ನಿಧಾನವಾಗಿ ಹೇಳಿದಳು. ಮುಕಿಮೊಗೆ ಅವರ ಕಡೆ 'ಇರಿಯೊ' ಅಂತಲೂ ಅನ್ನುತ್ತಾರಂತೆ. ಇರಿಯೊ ಅಂದರೆ ಬರೀ 'ಊಟ'! ನೀವು ಮಂಡ್ಯದಲ್ಲಿ ಮುದ್ದೆಗೆ 'ಹಿಟ್ಟು' ಅಂತೀರಲ್ಲ, "ಹಿಟ್ಟು ಉಂಡ್ರಾ?" ಅಂದರೆ ಊಟವಾಯಿತಾ ಅಂತ ಅರ್ಥವಲ್ಲವೇ? ಥೇಟ್ ಹಾಗೇ!

ಬಾಣಂತಿಯ ಮುಕಿಮೊಗೆ ಬಟಾಣಿ ಹಾಕುವುದಿಲ್ಲವಂತೆ. 'ನ್ಜಾಹಿ' ಎಂಬ ಕಾಳು ಹಾಕಬೇಕಂತೆ. ಅಲ್ಲಿ ಹೆತ್ತವಳ ಮನೆಗೆ ಹೆಂಗಸರು ಮೊದಲು ಹೊತ್ತು ತರುವುದೇ ಅದನ್ನು, ಹಾಲು ಬರಲಿ ಎಂದು. ಕುವೈತಿನಲ್ಲಿ ಎಲ್ಲೂ ಸಿಗುವುದಿಲ್ಲ, ಕಮಾವು ಆರು ಅಂಗಡಿ ಸುತ್ತಿದ್ದಾನೆ. ಕಪ್ಪು ಕಾಳು, ಒಂದು ಅಂಚಿಗೆ ದಪ್ಪನೆಯ ಬಿಳಿ ಗೆರೆ, ಯಾರೋ ಸುಣ್ಣದಲ್ಲಿ ಹುಬ್ಬು ತೀಡಿದ ಹಾಗೆ. ಕೆಳಗೆ ಚಿತ್ರ ಬರೆದಿದ್ದೇನೆ ನೋಡಿ. ಆಫ್ರಿಕಾದ ಎಂಥ ಚೆಂದದ ಕಾಳು! ಇದಕ್ಕೆ ಬದಲಿಯಾಗಿ ನಮ್ಮ ಕಡೆ ಏನಾದರೂ ಇದೆಯೇ?

ನಿಮ್ಮ
ಶ್ರಾವಣಿ


ಮಂಡ್ಯ
9 ಡಿಸೆಂಬರ್ 2024

ಶ್ರಾವಣಿ,

ನೀನು ಬರೆದಿರುವುದು ಅವರೆ.

ಬಾಣಂತಿಗೆ ಅವರೆ ಕೊಡಬಾರದು. ಮುಟ್ಟಿಸಲೂ ಬಾರದು. ತಾಯಿ ತಿಂದರೆ ಹಾಲಿನಲ್ಲಿ ಇಳಿದು ಮಗುವಿನ ಹೊಟ್ಟೆ ಉಬ್ಬುತ್ತದೆ. ಅದೂ ಏಳು ತಿಂಗಳ ಕೂಸು.

ಬದಲಿ ಯಾವುದೂ ಬೇಡ. ಮೆಣಸು ಬೆಳ್ಳುಳ್ಳಿ ಸಾರು, ಮೆತ್ತಗಿನ ಅನ್ನ, ತುಪ್ಪ. ಅಷ್ಟೇ ಕೊಡು. ಈ ವಿಷಯದಲ್ಲಿ ಮತ್ತೆ ಕೇಳಬೇಡ.

ಚಂದ್ರಪ್ರಭಾ


ಮಂಗಫ್
12 ಡಿಸೆಂಬರ್ 2024, ಗುರುವಾರ

ಪ್ರೀತಿಯ ಅತ್ತೆ,

ಮೊದಲು ನನ್ನ ಪೆದ್ದುತನ ಕೇಳಿ, ನಕ್ಕುಬಿಡಿ. 'ನೀನು ಬರೆದಿರುವುದು ಅವರೆ' ಎಂದು ಓದಿ ನಾನು, 'ಯಾರು ಅವರು?' ಎಂದು ಯೋಚಿಸಿದೆ. ಆ ಚಿತ್ರವನ್ನು ಬೇರೆ ಯಾರೋ ಬರೆದಿದ್ದಾರೆ ಎಂದು ಅತ್ತೆ ಅನುಮಾನಪಡುತ್ತಿದ್ದಾರಾ? ಸಂಜೆ ದೀಪು ಬಂದಾಗ ತೋರಿಸಿದೆ. ಓದಿ ತಲೆ ಚಚ್ಚಿಕೊಂಡ. "ಅವರೇ ಅಲ್ಲ ಕಣೇ, ಅವರೆ! ಅವರೆಕಾಯಿ! ನೀನು ವಾರಕ್ಕೆರಡು ಸಲ ಹಿತಕಿದ ಬೇಳೆ ಬೇಕು ಅಂತ ಹಟ ಮಾಡೋದು ಯಾವುದಕ್ಕೆ?"

ಅತ್ತೆ! ನಾನು ಹಸಿಯದನ್ನು ಮಾತ್ರ ಕಂಡಿದ್ದೆ, ಸಿಪ್ಪೆ ಸುಲಿದದ್ದನ್ನು, ಪ್ಯಾಕೆಟ್ಟಿನಲ್ಲಿ. ಒಣಗಿದ ಕಾಳಿನ ಅಂಚಿಗೆ ಬಿಳಿ ಗೆರೆ ಇರುತ್ತದೆ ಎಂದು ನನಗೆ ಯಾರೂ ಹೇಳಿಯೇ ಇರಲಿಲ್ಲ. ಆ ಚಿತ್ರ ಬರೆಯುವಾಗ ಏನೋ ದೂರದೇಶದ ಅದ್ಭುತ ಎಂದುಕೊಂಡಿದ್ದೆ. ಅದು ನಮ್ಮ ಮನೆಯ ಸಾರಿನಲ್ಲೇ ಇತ್ತು! ಓಡಿಹೋಗಿ ವೈರಿಮುಗೆ ಹೇಳಿದೆ. ನಂಬಲಿಲ್ಲ. ಫೋನಿನಲ್ಲಿ ಅವರೆಯ ಬಳ್ಳಿ, ನೇರಳೆ ಹೂವು, ಕಾಯಿ ತೋರಿಸಿದೆ. ಅವಳು ಹೂವಿನ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದಳು. "ಇದು ನಮ್ಮ ಅಮ್ಮನ ಬೇಲಿ" ಅಂದಳು.

ಅತ್ತೆ, ಕೋಪ ಮಾಡಿಕೊಳ್ಳಬೇಡಿ. ಮತ್ತೆ ಕೇಳಬೇಡ ಅಂದಿದ್ದೀರಿ, ಆದರೂ ಕೇಳುತ್ತಿದ್ದೇನೆ. ನೀವು ಹೇಳಿದ ಸಾರು ಅನ್ನ ಮಾಡಿಕೊಟ್ಟೆ. ಮೂರು ತುತ್ತು ತಿಂದಳು. ನಿನ್ನೆ ಅವಳ ಅಮ್ಮ ವಿಡಿಯೊ ಕಾಲಿನಲ್ಲಿದ್ದರು. ವೈರಿಮುವಿನ ಬಾಯಲ್ಲಿ ನಿಮ್ಮ ಮಾತು ತಿಳಿಸಿದೆ. ಅವರು ಎರಡೂ ಕೈ ಕೆನ್ನೆಗಿಟ್ಟುಕೊಂಡು, "ಹೆತ್ತವಳಿಗೆ ನ್ಜಾಹಿ ಕೊಡೋದಿಲ್ವಾ? ಮತ್ತೆ ನಿಮ್ಮ ಮಕ್ಕಳು ಏನು ಕುಡಿದು ಬೆಳೀತಾರೆ?" ಅಂತ ಕೇಳಿದರು. ನಿಮ್ಮ ಹಾಗೇ ಖಡಕ್ ಇದ್ದಾರೆ.

ಇವತ್ತು ವೈರಿಮು ಮಗುವಿನ ವಿಡಿಯೊ ತೋರಿಸಿದಳು. ನನಗೆ ಬರೆಯಲು ಬರುತ್ತಿಲ್ಲ. ಅದರ ಅಂಗೈ ಅವಳ ಹೆಬ್ಬೆರಳಿನ ಉಗುರಿನಷ್ಟು. ಆ ಅಂಗೈಯಲ್ಲಿ ಗೆರೆಗಳಿವೆ! ಮೂರೂ ಗೆರೆ! ಎದೆ ಉಬ್ಬಿ ಇಳಿಯುವಾಗ ಚರ್ಮದ ಕೆಳಗೆ ಪಕ್ಕೆಲುಬು ಒಂದೊಂದೂ ಕಾಣುತ್ತದೆ. ಇಷ್ಟು ಚಿಕ್ಕದು ಇಷ್ಟು ಶ್ರಮಪಟ್ಟು ಉಸಿರಾಡುತ್ತಿದೆ. ನಾನು ಉಸಿರು ಹಿಡಿದು ನೋಡಿದೆ.

ನೀವು ಬೇಡವೆಂದರೆ ನಾನು ಮಾಡುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ಬಿಳಿ ಅವರೆ ಇದೆ, ಅದನ್ನೂ ತಂದಿಲ್ಲ. ವೈರಿಮುಗಂತೂ ಆ ಕಪ್ಪು ಕಾಳೇ ಬೇಕು. ಕೆಳಗಿನ ಮಹಡಿಯ ಲೆಸ್ಟರ್ ಕ್ರಿಸ್ಮಸ್ಸಿಗೆ ಬೆಂಗಳೂರಿನ ಅಕ್ಕನ ಮನೆಗೆ ಹೋಗಿದ್ದಾರೆ, 26ಕ್ಕೆ ವಾಪಸ್ಸು. ಅವರ ನಂಬರ್ ಕೆಳಗಿದೆ, ಸುಮ್ಮನೆ ಬರೆದಿದ್ದೇನೆ. ಒಂದು ಹೇಳಿ, ಬೇಡ ಎನ್ನಲು ಕಾರಣ ವಾಯು ಅಷ್ಟೇನಾ?

ನಿಮ್ಮ
ಶ್ರಾವಣಿ


ಮಂಗಫ್
19 ಡಿಸೆಂಬರ್ 2024

ಅತ್ತೆ,

ಒಂದು ವಾರವಾಯಿತು. ಓದಿದ್ದೀರಿ, ನೀಲಿ ಗುರುತು ಬಂದಿದೆ. ದೀಪು ಫೋನ್ ಮಾಡಿದರೆ, "ಮೆಸ್ಸಲ್ಲಿ ರಶ್ಶು" ಎಂದು ಇಟ್ಟುಬಿಡುತ್ತೀರಂತೆ. ನಾನು ಹೆಚ್ಚು ಮಾತಾಡಿದೆ. ಅತ್ತೆಯ ಎದುರು ವಾದ ಮಾಡಬಾರದಿತ್ತು. ಕ್ಷಮಿಸಿ.

ವೈರಿಮು ನಿನ್ನೆ ಆಸ್ಪತ್ರೆಯ ಮೆಟ್ಟಿಲಲ್ಲಿ ತಲೆಸುತ್ತಿ ಕೂತುಬಿಟ್ಟಳಂತೆ. ಎರಡು ಹೊತ್ತು ಹಿಂಡಿದರೂ ಹಾಲು ಬಾಟಲಿಯ ಮೊದಲ ಗೆರೆ ಮುಟ್ಟಲಿಲ್ಲ. ಮಗುವಿಗೆ ಡಬ್ಬಿ ಹಾಲು ಸರಿಹೋಗುತ್ತಿಲ್ಲ.

ಅವರೆ ಮಾಡಿಲ್ಲ. ಮಾಡುವುದೂ ಇಲ್ಲ. ನೀವು ಒಂದು ಸಾಲು ಬರೆದರೆ ಸಾಕು.

ಶ್ರಾವಣಿ


ಮಂಡ್ಯ
24 ಡಿಸೆಂಬರ್ 2024

ಶ್ರಾವಣಿಗೆ ಆಶೀರ್ವಾದ.

ಲೆಸ್ಟರ್ ಎಂಬುವರ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ಕರಿ ಅವರೆ. ಈಗ ಯಾರೂ ಬೆಳೆಯುವುದಿಲ್ಲ. ನಾಗಮಂಗಲದ ಕಡೆಯ ಒಬ್ಬಾಕೆ ಬಿತ್ತನೆಗೆ ಇಟ್ಟುಕೊಂಡಿದ್ದಳು.

ರಾತ್ರಿಯಿಡೀ ನೆನೆಹಾಕು. ಮೊದಲ ಕುದಿಯ ನೀರು ಕಪ್ಪಗಿರುತ್ತದೆ, ಚೆಲ್ಲು. ಎರಡನೆಯದನ್ನೂ ಚೆಲ್ಲು. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯ ಹಾಗೆ ಆಗಬೇಕು. ಒಗ್ಗರಣೆ ಹಾಕಬೇಡ. ಅವಳ ತಾಯಿ ಹೇಗೆ ಹೇಳುತ್ತಾಳೋ ಹಾಗೆ ಮಾಡು, ನಾನು ಹೇಳಿದ್ದು ಬಿಡು.

ಕೊಡುವ ಮೊದಲು ಆ ತಾಯಿಯನ್ನು ಕೇಳು. ಹೆರಿಗೆಯಾದ ಎಷ್ಟನೆಯ ದಿನದಿಂದ ಕೊಡುತ್ತಾರೆ. ನಾಲ್ಕನೆಯ ದಿನ ತಿಂದವರು ಇದ್ದಾರಾ. ಅವರ ಮಕ್ಕಳಿಗೆ ಏನೂ ಆಗಿಲ್ಲವಾ. ಎರಡು ಸಲ ಕೇಳು. ಏನು ಹೇಳಿದಳೋ ಅದನ್ನು ಹಾಗೇ ಬರೆ.

ಚಂದ್ರಪ್ರಭಾ


ಮಂಗಫ್
28 ಡಿಸೆಂಬರ್ 2024, ಶನಿವಾರ

ಪ್ರೀತಿಯ, ಪ್ರೀತಿಯ ಅತ್ತೆ,

ತಿಂದಳು! ಪೂರ್ತಿ ತಿಂದಳು! ತಟ್ಟೆಯನ್ನು ಬೆರಳಲ್ಲಿ ಬಳಿದು ತಿಂದಳು!

ಮೊದಲಿನಿಂದ ಹೇಳುತ್ತೇನೆ. ಲೆಸ್ಟರ್ ಡಬ್ಬಿ ಕೊಡುತ್ತ, "ನಿಮ್ಮ ಮಾಮಿ ಗ್ರೇಟ್ ಮಾರಾಯ್ರೆ. ಬೆಳಿಗ್ಗೆ ಏಳಕ್ಕೆ ಅಕ್ಕನ ಮನೆ ಬೆಲ್ ಮಾಡಿದ್ರು. ಒಂದು ಲೋಟ ನೀರು ಕುಡಿದು, ಡಬ್ಬಿ ಕೊಟ್ಟು, ಬಂದ ಹಾಗೇ ಹೋದ್ರು" ಅಂದರು. ದೀಪು ನಂಬಲೇ ಇಲ್ಲ. ನೀವು ಅವನ ಕಾಲೇಜಿನ ಪದವಿ ಪ್ರದಾನಕ್ಕೂ ಮೆಸ್ ಮುಚ್ಚಿರಲಿಲ್ಲವಂತೆ. ಈ ಡಬ್ಬಿಗೋಸ್ಕರ ಮುಚ್ಚಿ ರೈಲು ಹತ್ತಿದಿರಾ? ಒಂದು ಮಾತೂ ಬರೆಯಲಿಲ್ಲವಲ್ಲ!

ಡಬ್ಬಿ ತೆಗೆದು ವೈರಿಮುವಿನ ಮಡಿಲಿಗೆ ಸುರಿದೆ. ಕಪ್ಪು ಕಾಳು, ಒಂದೊಂದಕ್ಕೂ ಬಿಳಿ ಗೆರೆ. ಅವಳು ಎರಡು ಕೈಯಲ್ಲಿ ಎತ್ತಿ ಮೂಸಿದಳು. ಆಮೇಲೆ ನಕ್ಕಳು. ಹೆರಿಗೆಯಾದ ಮೇಲೆ ನಾನು ನೋಡಿದ ಮೊದಲ ನಗು. "ಯಾವ ದೇಶದ್ದು?" ಎಂದು ಕಮಾವು ಕೇಳಿದ. "ಮಂಡ್ಯ" ಅಂದೆ. "ಮಂಡ್ಯ ಯಾವ ದೇಶದಲ್ಲಿದೆ?" ಅಂದ. ದೀಪು, "ಅದೇ ಒಂದು ದೇಶ ಬ್ರದರ್" ಅಂದ.

ನಿನ್ನೆ ಬೆಳಿಗ್ಗೆ ಮಾಡಿದೆವು. ಅವಳ ಅಮ್ಮ ಫೋನಿನಲ್ಲಿ, ನಾನು ನೆಲದ ಮೇಲೆ, ದೀಪುವಿನ ಕಾಲು ಪಾತ್ರೆಗೆ. ಎರಡು ನೀರು ಚೆಲ್ಲಿದೆ. ಶಾಯಿಯ ಹಾಗಿತ್ತು! ಜೊತೆಗೆ ಬೇಯಿಸಿದ ಬಾಳೆಕಾಯಿ, ಆಲೂಗಡ್ಡೆ. ಉಪ್ಪು. ಬೇರೇನೂ ಇಲ್ಲ. ಕುಟ್ಟಲು ಹೊರಟಾಗ ಫೋನಿನಿಂದ ಅಮ್ಮ ಕೂಗಿದರು. ವೈರಿಮು ನಗುತ್ತ ಅನುವಾದಿಸಿದಳು: "ಕುಟ್ಟಬೇಡ, ತಳದಿಂದ ಒತ್ತು ಅಂತಿದ್ದಾರೆ. ಬೆನ್ನಿನ ಬಲ ಹಾಕಬೇಕಂತೆ." ಅತ್ತೆ, ಅದು ಅಕ್ಷರ ಅಕ್ಷರ ನಿಮ್ಮ ಮಾತು! ನೀವಿಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ, ಒಬ್ಬರ ಭಾಷೆ ಒಬ್ಬರಿಗೆ ಬಾರದು, ನಡುವೆ ಇಡೀ ಒಂದು ಸಮುದ್ರವಿದೆ. ಇಬ್ಬರ ಬೆನ್ನಿಗೂ ಒಂದೇ ವಿದ್ಯೆ ಗೊತ್ತಿದೆ. ನನ್ನ ಕೈ ನಿಂತೇ ಹೋಯಿತು. ಆಮೇಲೆ ಇಬ್ಬರ ಬಲವೂ ಇದೆ ಅಂದುಕೊಂಡು ಒತ್ತಿದೆ.

ಬಣ್ಣ ಬೂದಿ ಮಿಶ್ರಿತ ನೇರಳೆ. ನೋಡಲು ಚೆನ್ನಾಗಿಲ್ಲ. ಆದರೆ ಅದರ ಹಬೆ ಅವಳ ಮುಖಕ್ಕೆ ತಾಗಿದಾಗ ಅವಳ ಭುಜ ಇಳಿದದ್ದನ್ನು ನಾನು ನೋಡಿದೆ. ಅಷ್ಟು ದಿನ ಭುಜ ಎತ್ತಿಕೊಂಡೇ ಇದ್ದಳು ಎಂದು ಆಗ ಗೊತ್ತಾಯಿತು. ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಎರಡನೇ ತುತ್ತು. ಮೂರನೇ ತುತ್ತು. ಅಮ್ಮ ಅಲ್ಲಿ ಅಳುತ್ತ ತುತ್ತು ಎಣಿಸುತ್ತಿದ್ದರು.

ಈವತ್ತು ಮತ್ತೆ ಕೇಳಿ ತಿಂದಳು. ಹಾಲು ಇನ್ನೂ ಅಷ್ಟೇನೂ ಹೆಚ್ಚಿಲ್ಲ, ನಿಜವನ್ನೇ ಬರೆಯುತ್ತೇನೆ. ಆದರೆ ತಾನೇ ಎದ್ದು, ತಾನೇ ಮೆಟ್ಟಿಲಿಳಿದು ಆಸ್ಪತ್ರೆಗೆ ಹೋದಳು. ಇವತ್ತು ಮಗುವನ್ನು ಮೊದಲ ಸಲ ಎದೆಯ ಮೇಲೆ ಮಲಗಿಸಿಕೊಂಡಳಂತೆ. ಅದರ ಹೊಟ್ಟೆ ಮೆತ್ತಗಿದೆ, ನಿಮಗೆ ಹೇಳಬೇಕಂತೆ.

ಮಾಡುವ ಮೊದಲೇ ನಿಮ್ಮ ಪ್ರಶ್ನೆಗಳನ್ನು ಅವಳ ಅಮ್ಮನನ್ನು ಎರಡು ಸಲ ಕೇಳಿದ್ದೆ. ನೀವೆಂಥ ಜಾಗ್ರತೆಯ ಅಡುಗೆಯವರು! ಅವರ ಮಾತು ಹಾಗೇ ಬರೆಯುತ್ತೇನೆ: "ಮೊದಲನೆಯ ದಿನದಿಂದ ಕೊಡುತ್ತೇವೆ. ನಾನು ತಿಂದೆ, ನನ್ನ ಅಮ್ಮ ತಿಂದಳು, ಅವಳ ಅಮ್ಮ ತಿಂದಳು. ನಮ್ಮ ಬೆಟ್ಟದಲ್ಲಿ ತಿನ್ನದ ತಾಯಿಯೇ ಇಲ್ಲ. ನಾಲ್ಕನೇ ದಿನ ಅಂತ ನಿನ್ನ ಅತ್ತೆ ಯಾಕೆ ಕೇಳುತ್ತಾಳೆ? ನಾಲ್ಕನೇ ದಿನ ಎರಡು ತಟ್ಟೆ. ಇದರಿಂದ ಯಾವ ಮಗುವಿಗೂ ಏನೂ ಆಗಿಲ್ಲ."

ನಿಮ್ಮ ತುಂಬ ಸಂತೋಷದ
ಶ್ರಾವಣಿ


ಮಂಡ್ಯ
1 ಜನವರಿ 2025

ಶ್ರಾವಣಿ,

ಮೆಸ್ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ.

ಜಾಗ್ರತೆಯಿಂದ ಕೇಳಿದ್ದಲ್ಲ.

ದೀಪುವಿಗಿಂತ ಮೊದಲು ನನಗೊಂದು ಹೆಣ್ಣುಮಗು ಹುಟ್ಟಿತ್ತು. ಎಂಬತ್ತೊಂಬತ್ತನೇ ಇಸವಿ ಡಿಸೆಂಬರ್, ನನ್ನ ತಾಯಿಯ ಮನೆಯಲ್ಲಿ, ಮನೆಯಲ್ಲೇ ಹೆರಿಗೆ. ನನಗೆ ಹತ್ತೊಂಬತ್ತು ವರ್ಷ. ಅವರೆಯ ಕಾಲ. ಮೂರು ಹೊತ್ತೂ ಸಾರಿನ ವಾಸನೆ. ನನಗೆ ಒಂದು ಹಿಡಿ ಅನ್ನ, ಮೆಣಸಿನ ನೀರು. ಹಸಿವು ತಡೆಯಲಿಲ್ಲ. ನಾಲ್ಕನೆಯ ದಿನ ಎಲ್ಲರೂ ಹಿತ್ತಲಲ್ಲಿದ್ದಾಗ ಅಡುಗೆಮನೆಗೆ ಹೋಗಿ ಎರಡು ಸೌಟು ಅವರೆ ಸಾರು ತಿಂದೆ. ನಿಂತುಕೊಂಡೇ ತಿಂದೆ. ನಮ್ಮಜ್ಜಿ ನೋಡಿದಳು, ಆಗ ಏನೂ ಅನ್ನಲಿಲ್ಲ. ಎಂಟನೇ ದಿನ ಮಗುವಿಗೆ ಜ್ವರ. ಹೊಟ್ಟೆ ಉಬ್ಬಿತು. ಒಂಬತ್ತನೇ ದಿನ ಆಸ್ಪತ್ರೆಗೆ ಒಯ್ದೆವು. ಸಂಜೆಗೆ ಹೋಯಿತು. ಹೆಸರಿಟ್ಟಿರಲಿಲ್ಲ.

ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು, "ಸೌಟು ಹಿಡ್ದ ಕೈಯಿ ತೊಳ್ಕೊ. ಯಾರ್ಗೂ ಹೇಳ್ಬ್ಯಾಡ" ಅಂತ. ನಾನು ಹೇಳಲಿಲ್ಲ. ನಿಮ್ಮ ಮಾವನವರಿಗೂ ಹೇಳಲಿಲ್ಲ, ಅವರು ತೀರಿಹೋದರು. ದೀಪುವಿಗೆ ಅಕ್ಕ ಇದ್ದಳೆಂದೇ ಗೊತ್ತಿಲ್ಲ.

ನೀನು ಕಾರಣ ಕೇಳಿದೆಯಲ್ಲ, ಬರೆಯಲು ಕೂತರೆ ಕೈ ಓಡಲಿಲ್ಲ. ಆಮೇಲೆ ಆ ಹೆಂಗಸಿನ ಮಾತು ತಲೆಯಲ್ಲಿ ನಿಂತುಬಿಟ್ಟಿತು, ನಿಮ್ಮ ಮಕ್ಕಳು ಏನು ಕುಡಿದು ಬೆಳೆಯುತ್ತಾರೆ ಎಂದದ್ದು. ಒಂದು ದೇಶದ ತಾಯಂದಿರೆಲ್ಲ ತಿನ್ನುತ್ತಾರೆಂದರೆ. ಒಂದು ಬೆಟ್ಟದಲ್ಲಿ ತಿನ್ನದವಳೇ ಇಲ್ಲವೆಂದರೆ. ಎರಡು ತಟ್ಟೆ ಎಂದಳಲ್ಲ ಆಕೆ.

ಆಸ್ಪತ್ರೆಯವರು ಕೊಟ್ಟ ಚೀಟಿ ನನ್ನ ಹತ್ತಿರ ಇದೆ. ಇಂಗ್ಲಿಷಿನಲ್ಲಿದೆ, ಡಾಕ್ಟರ ಬರಹ. ಇಷ್ಟು ವರ್ಷ ಯಾರ ಕೈಯಲ್ಲೂ ಓದಿಸಲಿಲ್ಲ. ಅವರೆ ಎಂದು ಬರೆದಿದ್ದರೆ ಏನು ಮಾಡುವುದು ಎಂದು ಓದಿಸಲಿಲ್ಲ. ಅದರ ಫೋಟೊ ಈ ಕಾಗದದ ಜೊತೆ ಕಳಿಸಿದ್ದೇನೆ. ನೀನು ಇಂಗ್ಲಿಷ್ ಓದಿದವಳು, ನಿನ್ನ ಗೆಳತಿ ಆಸ್ಪತ್ರೆಯವಳು. ಓದಿ. ಏನಿದೆಯೋ ಅದನ್ನೇ ಬರೆ. ನನ್ನ ಮನಸ್ಸು ನೋಡಿಕೊಂಡು ಬರೆಯಬೇಡ.

ದೀಪುವಿಗೆ ತೋರಿಸಬೇಡ. ನಾನೇ ಹೇಳಬೇಕು. ಶುಕ್ರವಾರ ಅವನಿಗೆ ರಜೆಯಲ್ಲವೇ.

ಚಂದ್ರಪ್ರಭಾ


ಮಂಗಫ್
2 ಜನವರಿ 2025, ಗುರುವಾರ

ಅತ್ತೆ,

ಓದಿದೆವು. ಮೊದಲು ನಾನು ಓದಲು ನೋಡಿದೆ. ಕೆಲವು ಅಕ್ಷರ ಅಳಿಸಿವೆ, ಡಾಕ್ಟರ ಬರಹ ಅರ್ಥವಾಗಲಿಲ್ಲ. ವೈರಿಮುವಿನ ಹತ್ತಿರ ತೆಗೆದುಕೊಂಡು ಹೋದೆ. ಆಗತಾನೇ ಆಸ್ಪತ್ರೆಯಿಂದ ಬಂದಿದ್ದಳು. ಯಾರದೆಂದು ಹೇಳಿದೆ. ಅವಳು ಕೈ ತೊಳೆದುಕೊಂಡು ಬಂದು, ಕಿಟಕಿಯ ಬೆಳಕಿಗೆ ಕೂತು ಓದಿದಳು. ಎರಡು ಸಲ ಓದಿಸಿದೆ.

ಹೊಕ್ಕುಳಿನ ಸೋಂಕು ಎಂದಿದೆ. ಹೊಕ್ಕುಳಬಳ್ಳಿ ಕತ್ತರಿಸಿದ ಜಾಗದಲ್ಲಿ ಕೀವಾಗಿ ರಕ್ತಕ್ಕೆ ಹರಡಿದೆ. ಅದರಿಂದ ಜ್ವರ, ಅದರಿಂದಲೇ ಹೊಟ್ಟೆ ಉಬ್ಬಿದ್ದು. ಆಹಾರದ ಮಾತು ಎಲ್ಲೂ ಇಲ್ಲ. ವೈರಿಮು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹನ್ನೊಂದು ವರ್ಷದಿಂದ ಇಂಥ ಕೂಸುಗಳನ್ನೇ ನೋಡುತ್ತಿದ್ದೇನೆ. ಅಮ್ಮ ಏನು ತಿಂದರೂ ಹೀಗಾಗುವುದಿಲ್ಲ. ಅವರು ತಿಂದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಬರೆ. ದೊಡ್ಡಕ್ಷರದಲ್ಲಿ ಬರೆ."

ಸಂಬಂಧವೇ ಇಲ್ಲ ಅತ್ತೆ.

ಚೀಟಿಯ ಮೊದಲ ಸಾಲಿನಲ್ಲಿ, ಹೆಸರಿನ ಜಾಗದಲ್ಲಿ, 'ಚಂದ್ರಪ್ರಭಾ ಅವರ ಮಗು' ಎಂದಿದೆ. ಅದರ ಕೆಳಗೆ ತೂಕ: ಎರಡು ಕಿಲೋ ಒಂಬೈನೂರು ಗ್ರಾಂ. ವೈರಿಮು ಆ ಸಂಖ್ಯೆಯ ಮೇಲೆ ಬೆರಳಿಟ್ಟಳು. ಆ ಕಾಲದಲ್ಲಿ, ಹತ್ತೊಂಬತ್ತರ ತಾಯಿಯ ಮಗುವಿಗೆ, ಒಂಬತ್ತನೆಯ ದಿನ, ಅಷ್ಟು ಜ್ವರದಲ್ಲೂ ಈ ತೂಕವಿದೆ ಎಂದರೆ, ಆ ಎಂಟು ದಿನ ಮಗು ಹೊಟ್ಟೆತುಂಬ ಹಾಲು ಕುಡಿದಿದೆ ಎಂದಳು.

ದೀಪುವಿಗೆ ಏನೂ ಹೇಳಿಲ್ಲ. ನಾಳೆ ನಿಮ್ಮ ಕಡೆಯ ಮಧ್ಯಾಹ್ನ ಮೂರು ಗಂಟೆಗೆ ಅವನೇ ಫೋನ್ ಮಾಡುತ್ತಾನೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಶ್ರಾವಣಿ